ಗಡಿ ದಾಟಿಸಿ ತಂದ ಕೈದಿ

ಮಾರ್ಸೇಲ್ಸ್ ಬಂದರಿನ ಕಟ್ಟೆಯ ಮೇಲೆ 1910ನೆಯ ಇಸವಿ ಜುಲೈ 8ರ ಮುಂಜಾನೆ ಆರಂಭವಾಗಿ ಕೆಲವೇ ನಿಮಿಷಗಳಲ್ಲಿ ಮುಗಿದುಹೋದ ಒಂದು ಓಟವು, ಯುರೋಪಿನ ಎರಡು ಪ್ರಬಲ ರಾಜ್ಯಗಳ ನಡುವೆ ತಿಂಗಳುಗಟ್ಟಲೆಯ ಪತ್ರವ್ಯವಹಾರಕ್ಕೂ, ಹೇಗ್ ನಗರದಲ್ಲಿ ಐವರು ಪಂಚರ ಸಭೆಗೂ, ಅಂತರರಾಷ್ಟ್ರೀಯ ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಬಗೆಹರಿಸಲಾರದೆ ಉಳಿಸಿಕೊಂಡಿರುವ ಒಂದು ಪ್ರಶ್ನೆಗೂ ಕಾರಣವಾಯಿತು. ಓಡಿದವರು ಇಪ್ಪತ್ತೇಳು ವರ್ಷದ ವಿನಾಯಕ ದಾಮೋದರ ಸಾವರಕರರು. ಅದೇ ವರ್ಷದ ಮಾರ್ಚಿಯಲ್ಲಿ ಲಂಡನ್ನಿನ ವಿಕ್ಟೋರಿಯಾ ರೈಲು ನಿಲ್ದಾಣದಲ್ಲಿ ಅವರ ದಸ್ತಗಿರಿಯಾಗಿದ್ದಿತು; ಪಲಾಯಿತ ಅಪರಾಧಿಗಳನ್ನು ಕುರಿತ 1881ರ ಶಾಸನದ ಮೇರೆಗೆ ಅವರನ್ನು ಇಂಡಿಯಾಕ್ಕೆ ಕಳುಹಿಸಬೇಕೆಂಬ ಆಜ್ಞೆಯ ವಿರುದ್ಧ ಅವರು ಮಾಡಿಕೊಂಡ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಅಲ್ಲಿನ ನ್ಯಾಯಾಲಯಗಳು ತಳ್ಳಿಹಾಕಿದ್ದುವು; ಜುಲೈ 1ರಂದು ಪೊಲೀಸ್ ಕಾವಲಿನಲ್ಲಿ ಅವರನ್ನು ‘ಮೋರಿಯಾ’ ಎಂಬ ಹಡಗಿಗೆ ಹತ್ತಿಸಲಾಗಿದ್ದಿತು. ಹಡಗು ಮಾರ್ಸೇಲ್ಸಿನಲ್ಲಿ ತಂಗಿದ್ದಾಗ ಅವರು ಶೌಚಗೃಹದ ಕಿಂಡಿಯಿಂದ ನುಸುಳಿ, ನೀರಿಗೆ ಧುಮುಕಿ, ದಡ ಸೇರಿದರು. ಜನಜನಿತವಾದ ಕಥನಗಳಲ್ಲಿ ಈ ಈಜು ಸಮುದ್ರೋಲ್ಲಂಘನವಾಗಿ ಬೆಳೆದುನಿಂತಿದೆ. ನಮ್ಮ ಜಿಜ್ಞಾಸೆಗಾದರೋ ಈಜಿಗಿಂತ ಮುಖ್ಯವಾದುದು ದಡ ಸೇರಿದ ಮೇಲಿನ ಓಟ. ಏಕೆಂದರೆ ಅಲ್ಲಿ ಅವರ ಕಾಲಿನ ಕೆಳಗಿದ್ದುದು ಫ್ರಾನ್ಸಿನ ನೆಲ.

ಆ ನೆಲದ ಮೇಲೆ ಅವರನ್ನು ಹಿಡಿದವನು ಫ್ರಾನ್ಸಿನದೇ ಪೊಲೀಸು, ನಮ್ಮಲ್ಲಿಯಾದರೆ ದಫೇದಾರನೆನ್ನಬಹುದಾದ ದರ್ಜೆಯವನು. ಹಡಗಿನಿಂದ ಬೆನ್ನಟ್ಟಿಬಂದಿದ್ದ ಮೂವರು ಅವನಿಗೆ ನೆರವಾದರು. ಓಡುತ್ತಿರುವವನು ಹಡಗಿನ ಕೆಲಸಗಾರನೋ, ಕಳ್ಳನೋ, ರಾಜಕೀಯ ಕೈದಿಯೋ ಎಂಬುದನ್ನು ವಿಚಾರಿಸುವ ವ್ಯವಧಾನವಾಗಲಿ ಭಾಷೆಯಾಗಲಿ ಅವನಲ್ಲಿರಲಿಲ್ಲವೆಂದು ತೋರುತ್ತದೆ. ಕೈದಿಯನ್ನು ಮ್ಯಾಜಿಸ್ಟ್ರೇಟರ ಬಳಿಗೆ ಒಯ್ಯದೆ ನೆಟ್ಟಗೆ ಹಡಗಿಗೆ ಮರಳಿಸಿದನು. ‘ಮೋರಿಯಾ’ ಹೊರಟುದು ಮರುದಿನ. ಅಷ್ಟರೊಳಗೆ ಮಾರ್ಸೇಲ್ಸಿನ ಅಧಿಕಾರಿಗಳಿಗೆ ಸಂಗತಿ ತಿಳಿದಿದ್ದಿತು; ಆದರೂ ಯಾರೂ ಹಡಗನ್ನು ತಡೆಯಲಿಲ್ಲ. ಪ್ಯಾರಿಸಿನ ಸಮಾಜವಾದಿ ಪತ್ರಿಕೆಗಳಲ್ಲಿ, ವಿಶೇಷವಾಗಿ ಕಾರ್ಲ್ ಮಾರ್ಕ್ಸನ ಮೊಮ್ಮಗನಾದ ಜಾನ್ ಲೋಂಗೆಯ ಬರೆಹಗಳಲ್ಲಿ, ಇದು ಫ್ರಾನ್ಸಿನ ಮಾನದ ಪ್ರಶ್ನೆಯಾಗಿ ಪ್ರಕಟವಾದ ಮೇಲೆಯೇ ಸರಕಾರವು ಎಚ್ಚೆತ್ತು, ಕೈದಿಯನ್ನು ತನಗೆ ಹಿಂದಿರುಗಿಸಬೇಕೆಂದು ಬ್ರಿಟನ್ನನ್ನು ಕೇಳಿದುದು. ಎರಡು ದೇಶಗಳ ನಡುವೆ ಆಗ ಇದ್ದ 1876ರ ಹಸ್ತಾಂತರ ಒಪ್ಪಂದವು ರಾಜಕೀಯ ಅಪರಾಧಿಗಳನ್ನು ಒಪ್ಪಿಸಿಕೊಡುವುದಕ್ಕೆ ಅವಕಾಶವೀಯುತ್ತಿರಲಿಲ್ಲ. ಯಾವುದನ್ನು ಒಪ್ಪಂದದ ಹೆದ್ದಾರಿಯಲ್ಲಿ ಪಡೆಯಲಾಗುತ್ತಿರಲಿಲ್ಲವೋ ಅದು ಬಂದರಿನ ಕಟ್ಟೆಯ ಮೇಲೆ ಒಬ್ಬ ದಫೇದಾರನ ಕೈಯಿಂದ ಬ್ರಿಟಿಷರಿಗೆ ಅನಾಯಾಸವಾಗಿ ದೊರೆತಿದ್ದಿತು.

ಅಕ್ಟೋಬರ್ 25ರಂದು ಎರಡು ಸರಕಾರಗಳೂ ವಿವಾದವನ್ನು ಹೇಗ್‌ನ ಕಾಯಂ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಒಪ್ಪಿಸಿಕೊಂಡುವು. ಬೆಲ್ಜಿಯಮ್ಮಿನ ಮಾಜಿ ಪ್ರಧಾನಿ ಆಗಸ್ಟ್ ಬೇರ್ನಾರ್ಟರು ಅಧ್ಯಕ್ಷರು. ಫ್ರಾನ್ಸಿನ ಲೂಯಿ ರೆನೋ, ಬ್ರಿಟನ್ನಿನ ಅರ್ಲ್ ಆಫ್ ಡೆಸಾರ್ಟ್, ನಾರ್ವೆಯ ಗ್ರಾಮ್, ನೆದರ್ಲೆಂಡ್ಸಿನ ಸಾವೋರ್ನಿನ್ ಲೋಮನ್ ಸದಸ್ಯರು. ಇವರಲ್ಲಿ ಇಬ್ಬರು, ರೆನೋ 1907ರಲ್ಲಿ, ಬೇರ್ನಾರ್ಟ್ 1909ರಲ್ಲಿ, ನೊಬೆಲ್ ಶಾಂತಿ ಪಾರಿತೋಷಕಕ್ಕೆ ಪಾತ್ರರಾದವರು. ಇಂತಹ ಪಂಡಿತಮಂಡಲಿಯು 1911ರ ಫೆಬ್ರವರಿ 24ರಂದು ಕೊಟ್ಟ ತೀರ್ಪು ಮುದ್ರಣದಲ್ಲಿ ಕೆಲವೇ ಪುಟಗಳಷ್ಟಾಗುತ್ತದೆ. ಕೈದಿಯನ್ನು ಹೊತ್ತ ಹಡಗು ಬರಲಿದೆಯೆಂದು ಲಂಡನ್ನಿನ ಪೊಲೀಸರು ಪ್ಯಾರಿಸಿಗೆ ಮುಂಚಿತವಾಗಿಯೇ ಪತ್ರ ಬರೆದಿದ್ದರು. ಫ್ರೆಂಚ್ ಪೊಲೀಸರು ಬಂದರಿನಲ್ಲಿ ಎಚ್ಚರಿಕೆಯ ಏರ್ಪಾಡು ಮಾಡಿದ್ದರು. ಹಿಡಿದವನು ಫ್ರಾನ್ಸಿನ ನೌಕರ, ಬ್ರಿಟಿಷರು ಬಲಾತ್ಕಾರವನ್ನಾಗಲಿ ವಂಚನೆಯನ್ನಾಗಲಿ ಮಾಡಿದವರಲ್ಲ. ಆದಕಾರಣ, ದಸ್ತಗಿರಿಯಲ್ಲೂ ಒಪ್ಪಿಸಿಕೊಟ್ಟುದರಲ್ಲೂ ಕ್ರಮದ ಲೋಪವಾಗಿದೆಯೆಂದು ಒಪ್ಪಿದರೂ, ಪರದೇಶದ ಅಧಿಕಾರಿಯು ತಪ್ಪಾಗಿ ಒಪ್ಪಿಸಿದ ಕೈದಿಯನ್ನು ಹಿಂದಕ್ಕೆ ಕೊಡಲೇಬೇಕೆಂಬ ನಿಯಮವು ಅಂತರರಾಷ್ಟ್ರೀಯ ಕಾನೂನಿನಲ್ಲಿಲ್ಲ. ಇದು ತೀರ್ಪಿನ ಸಾರಾಂಶ.

ತರ್ಕವಾಗಿ ನೋಡಿದರೆ ಇದರಲ್ಲಿ ಬಿರುಕು ಕಾಣುವುದು ಕಷ್ಟ. ಒಂದು ರಾಜ್ಯದ ನೌಕರನು ಮಾಡಿದುದು ಆ ರಾಜ್ಯವೇ ಮಾಡಿದಂತೆ; ತಾನೇ ಕೊಟ್ಟುದನ್ನು ಅಪಹರಿಸಿದರೆಂದು ಹೇಳುವುದು ಹೇಗೆ? ಆದರೆ ಮಂಡಲಿಯ ಮುಂದಿದ್ದ ಪ್ರಶ್ನೆಯ ರೂಪವನ್ನೇ ಗಮನಿಸಿರಿ: ಬ್ರಿಟನ್ ಸರಕಾರವು ಫ್ರಾನ್ಸ್ ಸರಕಾರಕ್ಕೆ ಈ ಮನುಷ್ಯನನ್ನು ಹಿಂದಿರುಗಿಸಬೇಕೋ ಬೇಡವೋ ಎಂಬುದು. ಬೇಲಿ ಹಾರಿದ ಹಸುವಿನ ವಿಷಯದಲ್ಲಿ ಎರಡು ಹೊಲಗಳವರು ಪಂಚಾಯತಿ ಕೂಡಿಸಿದಾಗ ಅದು ಯಾರ ಕೊಟ್ಟಿಗೆಗೆ ಸೇರತಕ್ಕುದೆಂಬ ಚರ್ಚೆ ನಡೆಯುವುದೇ ಹೊರತು ಹಸುವಿನ ಇಷ್ಟವನ್ನು ಯಾರೂ ಕೇಳುವುದಿಲ್ಲ. ಹೇಗ್‌ನ ಸಭೆಯಲ್ಲಿ ಸಾವರಕರರು ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ, ಸಾಕ್ಷಿಯೂ ಅಲ್ಲ. ಅವರು ವಿವಾದದ ವಸ್ತು. ಫ್ರಾನ್ಸಿಗೆ ಆದ ಅನ್ಯಾಯವೆಷ್ಟು ಎಂದು ಅಳೆಯುವ ಕೋಲು ಅಲ್ಲಿದ್ದಿತು. ರಕ್ಷಣೆ ಸಿಗಬಹುದಾಗಿದ್ದ ನೆಲವನ್ನು ಮುಟ್ಟಿಯೂ ಅದರ ನ್ಯಾಯಾಧೀಶರ ಮುಖವನ್ನು ಕಾಣದೆ ಹೋದವನಿಗೆ ಆದ ಅನ್ಯಾಯವೆಷ್ಟು ಎಂದು ಅಳೆಯುವ ಕೋಲನ್ನು ಯಾರೂ ತಂದಿರಲಿಲ್ಲ. ನನ್ನ ದೃಷ್ಟಿಯಲ್ಲಿ ಈ ವಿಷಯದ ಮೇಲೆ ಮುಂದಿನ ನೂರು ವರ್ಷ ನಡೆದ ವಾಗ್ವಾದವೆಲ್ಲವೂ ಆ ಕೋಲನ್ನು ಹುಡುಕಿದ ಚರಿತ್ರೆ.

ವಿಚಿತ್ರವೇನೆಂದರೆ ಹೇಗ್‌ನ ಪಂಚರು ಇನ್ನೂ ಆಸನಾರೂಢರಾಗುವ ಮೊದಲೇ ಮುಂಬಯಿಯಲ್ಲಿ ವಿಚಾರಣೆ ಮುಗಿದುಹೋಗಿದ್ದಿತು. ಜ್ಯೂರಿಯಿಲ್ಲದ ವಿಶೇಷ ನ್ಯಾಯಮಂಡಲಿಯಲ್ಲಿ ಮುಖ್ಯ ನ್ಯಾಯಾಧೀಶ ಸರ್ ಬೇಸಿಲ್ ಸ್ಕಾಟರೊಡನೆ ಕುಳಿತಿದ್ದವರು ನ್ಯಾಯಮೂರ್ತಿ ಹೀಟನ್ ಮತ್ತು ಸರ್ ನಾರಾಯಣ ಗಣೇಶ ಚಂದಾವರಕರ್. ಚಂದಾವರಕರರು ನಮ್ಮ ಹೊನ್ನಾವರದಲ್ಲಿ ಹುಟ್ಟಿದವರು. ಪ್ರಾರ್ಥನಾ ಸಮಾಜದ ಮುಂದಾಳು. 1900ರ ಲಾಹೋರ್ ಕಾಂಗ್ರೆಸಿನ ಅಧ್ಯಕ್ಷರಾಗಿದ್ದವರು. ಫ್ರಾನ್ಸಿನ ನೆಲದಿಂದ ಅಕ್ರಮವಾಗಿ ಹಿಡಿದು ತಂದವನನ್ನು ವಿಚಾರಿಸುವ ಅಧಿಕಾರ ಈ ನ್ಯಾಯಾಲಯಕ್ಕಿಲ್ಲವೆಂಬ ಆಕ್ಷೇಪವು ಅವರ ಮುಂದೆ ಬಂದಿತು, ನಿಲ್ಲಲಿಲ್ಲ. ಎದುರಿಗೆ ನಿಂತಿರುವ ಆರೋಪಿಯು ಯಾವ ದಾರಿಯಿಂದ ಬಂದನೆಂಬುದು ನ್ಯಾಯಾಲಯದ ವಿಚಾರವಲ್ಲವೆಂಬುದು ಆಗ ಇಂಗ್ಲಿಷ್ ನ್ಯಾಯಪದ್ಧತಿಯಲ್ಲಿ ಬೇರೂರಿದ್ದ ಮತ. 1829ರಷ್ಟು ಹಿಂದೆಯೇ, ಬ್ರಸೆಲ್ಸಿನಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬನು ಹಿಡಿದು ತಂದಿದ್ದ ಹೆಂಗಸೊಬ್ಬಳ ಮೊಕದ್ದಮೆಯಲ್ಲಿ ಲಾರ್ಡ್ ಟೆಂಟರ್ಡನ್ ಅದನ್ನು ಸ್ಥಾಪಿಸಿದ್ದರು. ಡಿಸೆಂಬರ್ 24ರಂದು ಒಂದು, ಜನವರಿ 30ರಂದು ಇನ್ನೊಂದು, ಹೀಗೆ ಎರಡು ಜೀವಾವಧಿ ಕರಿನೀರಿನ ಶಿಕ್ಷೆಗಳು ಸಾವರಕರರಿಗೆ ವಿಧಿಸಲ್ಪಟ್ಟುವು. ಹೇಗ್‌ನ ತೀರ್ಪು ಹೊರಬಿದ್ದುದು ಎರಡನೆಯ ಶಿಕ್ಷೆಯಾಗಿ ಮೂರು ವಾರಗಳು ಕಳೆದ ಮೇಲೆ. ಪಂಚಾಯತಿಗೆ ಒಪ್ಪಿದ ಸರಕಾರವು ಪಂಚಾಯತಿಯ ಮಾತಿಗೆ ಕಾಯಲಿಲ್ಲವೆಂಬುದರ ಮೇಲೆ ಅಲಂಕಾರದ ಮಾತು ಬೇಕಿಲ್ಲ.

ಹಾಗೆಂದು ಬ್ರಿಟಿಷ್ ನ್ಯಾಯಪೀಠಗಳೆಲ್ಲವೂ ಗಡಿಯ ವಿಷಯದಲ್ಲಿ ಸದಾ ಕುರುಡಾಗಿದ್ದುವೆನ್ನಲಾಗದು. ಇದಕ್ಕೆ ಹದಿಮೂರು ವರ್ಷಗಳ ಹಿಂದೆ, 1897ರಲ್ಲಿ, ಪ್ರಿವಿ ಕೌನ್ಸಿಲಿನ ಮುಂದೆ ಹೈದರಾಬಾದಿನ ಮೊಕದ್ದಮೆಯೊಂದು ಬಂದಿದ್ದಿತು. ನಿಜಾಮರ ಪ್ರಜೆಯೊಬ್ಬನನ್ನು ಸಿಮ್ಲಾದ ಮ್ಯಾಜಿಸ್ಟ್ರೇಟರ ವಾರಂಟಿನ ಮೇಲೆ ನಿಜಾಮರ ಸೀಮೆಯೊಳಗಿನ ರೈಲು ನಿಲ್ದಾಣದಲ್ಲಿ ಹಿಡಿದಿದ್ದರು. ರೈಲಿನ ಹಳಿ ಹಾದುಹೋದ ನೆಲದ ಮೇಲಿನ ಅಧಿಕಾರವನ್ನು ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದುದು ನಿಜ. ಆದರೆ ಅದು ರೈಲ್ವೆಯ ಆಡಳಿತಕ್ಕೆ ಬೇಕಾದಷ್ಟು ಮಾತ್ರ, ಬೇರೆಲ್ಲಿಯೋ ನಡೆದ ಅಪರಾಧಕ್ಕಾಗಿ ಅಲ್ಲಿ ಯಾರನ್ನಾದರೂ ಹಿಡಿಯುವಷ್ಟು ಅಲ್ಲ. ಆದ್ದರಿಂದ ದಸ್ತಗಿರಿ ಅಕ್ರಮವೆಂದು ಕೌನ್ಸಿಲು ತೀರ್ಮಾನಿಸಿತು. ಮೈಸೂರು ಸಂಸ್ಥಾನದಲ್ಲಿಯೂ ಬೆಂಗಳೂರಿನ ದಂಡು ಪ್ರದೇಶದ ಆಡಳಿತ ಬ್ರಿಟಿಷರದು, ಪೇಟೆಯದು ಮಹಾರಾಜರದು ಎಂಬ ಇಬ್ಬಗೆಯಿದ್ದುದನ್ನು ಕಂಡಿದ್ದ ಹಿರಿಯರಿಗೆ, ನಾಲ್ಕು ಹೆಜ್ಜೆಯ ಅಂತರದಲ್ಲಿ ಕಾನೂನು ಬದಲಾಗುವುದೆಂದರೇನೆಂಬುದನ್ನು ವಿವರಿಸಬೇಕಾಗುತ್ತಿರಲಿಲ್ಲ. ದೇಶೀಯ ಸಂಸ್ಥಾನದ ರೈಲುಕಟ್ಟೆಯ ಗೆರೆಗೆ ದೊರೆತ ಮನ್ನಣೆ ಮಾರ್ಸೇಲ್ಸಿನ ಹಡಗುಕಟ್ಟೆಯ ಗೆರೆಗೆ ದೊರೆಯದೆ ಹೋದುದು ಕುತೂಹಲದ ಸಂಗತಿ.

ಅಮೆರಿಕದ ಸುಪ್ರೀಂ ಕೋರ್ಟಾದರೋ ಟೆಂಟರ್ಡನ್ನರ ಮತವನ್ನೇ 1886ರಲ್ಲಿ ತನ್ನದಾಗಿಸಿಕೊಂಡಿದ್ದಿತು. ಷಿಕಾಗೋದಲ್ಲಿ ಹಣ ಲಪಟಾಯಿಸಿ ಪೆರು ದೇಶಕ್ಕೆ ಓಡಿಹೋಗಿದ್ದ ಕೆರ್ ಎಂಬವನನ್ನು ಕರೆತರಲು ಜೂಲಿಯನ್ ಎಂಬ ಖಾಸಗಿ ಪತ್ತೇದಾರನ ಕೈಗೆ ಹಸ್ತಾಂತರದ ಕಾಗದಪತ್ರಗಳನ್ನೆಲ್ಲ ಕ್ರಮವಾಗಿ ಕೊಟ್ಟು ಕಳುಹಿಸಿದರು. ಅವನು ಲೀಮಾ ತಲುಪುವ ವೇಳೆಗೆ ನಗರವು ಚಿಲಿಯ ಸೈನ್ಯದ ವಶದಲ್ಲಿದ್ದಿತು. ಕಾಗದಗಳನ್ನು ಜೇಬಿನಿಂದ ಹೊರತೆಗೆಯದೆಯೇ ಅವನು ಕೆರ್‌ನನ್ನು ಬಲಾತ್ಕಾರದಿಂದ ಹಿಡಿದು, ಹಡಗಿಗೆ ಹತ್ತಿಸಿ, ಹೊನೊಲುಲು ಮಾರ್ಗವಾಗಿ ಸ್ಯಾನ್ ಫ್ರಾನ್ಸಿಸ್ಕೋಗೆ ತಂದನು. ಹಾಗೆ ತಂದುದರಿಂದ ಇಲಿನಾಯ್ಸಿನ ನ್ಯಾಯಾಲಯದ ಅಧಿಕಾರಕ್ಕೆ ಕುಂದಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು. ಜೊತೆಗೆ, ತನ್ನನ್ನು ಹೊತ್ತುತಂದವನ ಮೇಲೆ ಕೆರ್ ಬೇಕಾದರೆ ನಷ್ಟಪರಿಹಾರದ ದಾವೆ ಹೂಡಬಹುದೆಂಬ ಒಂದು ಸಮಾಧಾನವನ್ನೂ ಸೇರಿಸಿತು. ಅಪಹರಣದ ತಪ್ಪು ಬೇರೆ, ಅಪಹೃತನ ವಿಚಾರಣೆ ಬೇರೆ. ಸಿಕ್ಕಿದುದು ಕೆಟ್ಟದಾಗಿ, ಸೆರೆಯಿಟ್ಟುದು ಸರಿಯಾಗಿ ಎಂಬ ಲ್ಯಾಟಿನ್ ಸೂತ್ರವನ್ನು ವಕೀಲರು ಇದಕ್ಕೆ ಹೊಂದಿಸಿಕೊಂಡರು.

ಈ ಸೂತ್ರವನ್ನು ಒಪ್ಪದವರ ಪಕ್ಷಕ್ಕೆ ಗಟ್ಟಿಯಾದ ನಿದರ್ಶನ ಸಿಕ್ಕಿದುದು ಹಿಟ್ಲರನ ಜರ್ಮನಿಯಿಂದ. 1935ರ ಮಾರ್ಚಿಯಲ್ಲಿ ಬರ್ಟೋಲ್ಡ್ ಜೇಕಬ್ ಎಂಬ ಯೆಹೂದಿ ಪತ್ರಕರ್ತನನ್ನು, ಜರ್ಮನಿಯ ಗುಪ್ತ ಶಸ್ತ್ರಸನ್ನಾಹವನ್ನು ಬಯಲಿಗೆಳೆಯುತ್ತಿದ್ದವನನ್ನು, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ನಾಜಿ ಗೂಢಚಾರರು ವಂಚಿಸಿ ಗಡಿ ದಾಟಿಸಿದರು. ಸ್ವಿಸ್ ಸರಕಾರವು ಸುಮ್ಮನಿರಲಿಲ್ಲ. ಎರಡು ದೇಶಗಳ ನಡುವೆ 1921ರಲ್ಲಿ ಆಗಿದ್ದ ಮಧ್ಯಸ್ಥಿಕೆ ಒಪ್ಪಂದವನ್ನು ಮುಂದಿಟ್ಟು ಪಟ್ಟುಹಿಡಿಯಿತು. ತೀರ್ಪಿನವರೆಗೆ ಹೋಗಲು ಮನಸ್ಸಾಗದ ಬರ್ಲಿನ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವನನ್ನು ಹಿಂದಿರುಗಿಸಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ವಿದ್ವಾಂಸರು, ಅನ್ಯದೇಶದಿಂದ ಕಾನೂನು ಮುರಿದು ತಂದವನನ್ನು ಆ ದೇಶದ ಸಮ್ಮತಿಯಿಲ್ಲದೆ ಯಾವ ರಾಜ್ಯವೂ ವಿಚಾರಣೆಗೆ ಗುರಿಪಡಿಸಬಾರದೆಂಬ ನಿಯಮವನ್ನೊಳಗೊಂಡ ಕರಡೊಂದನ್ನು ಹೊರತಂದುದೂ 1935ರಲ್ಲಿಯೇ. ಕರಡು ಕರಡಾಗಿಯೇ ಉಳಿಯಿತು. ಜೇಕಬನಾದರೋ 1941ರಲ್ಲಿ ಲಿಸ್ಬನ್ನಿನಿಂದ ಎರಡನೆಯ ಬಾರಿ ಅಪಹೃತನಾದನು. ಈ ಸಾರಿ ಅವನಿಗಾಗಿ ಯಾವ ಪಂಚಾಯತಿಯೂ ಕೂಡಲಿಲ್ಲ. 1944ರಲ್ಲಿ ಬರ್ಲಿನ್ನಿನಲ್ಲಿ ತೀರಿಕೊಂಡನು. ಕೇಳುವ ರಾಜ್ಯವಿದ್ದಾಗ ಬದುಕಿದವನು, ಕೇಳುವ ರಾಜ್ಯವಿಲ್ಲದಾಗ ಅಳಿದನು. ಗಡಿಯ ಹಕ್ಕು ರಾಜ್ಯದ್ದೇ ಹೊರತು ಮನುಷ್ಯನದಲ್ಲವೆಂಬ ಸಿದ್ಧಾಂತದ ಬೆಲೆ ಇಷ್ಟು.

ಜೇಕಬನ ಕಥೆಯನ್ನು ಓದಿ ಅಪಹರಣವನ್ನು ಸರ್ವಥಾ ಖಂಡಿಸಲು ಹೊರಟವನನ್ನು ತಡೆದು ನಿಲ್ಲಿಸುವ ಮೊಕದ್ದಮೆಯೆಂದರೆ ಅಡಾಲ್ಫ್ ಐಕ್‌ಮನ್ನನದು. ಲಕ್ಷಾಂತರ ಯೆಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ರೈಲುಗಳ ಏರ್ಪಾಡನ್ನು ನಡೆಸಿದ ಈ ಅಧಿಕಾರಿಯು ಆರ್ಜೆಂಟೀನಾದಲ್ಲಿ ರಿಕಾರ್ಡೋ ಕ್ಲೆಮೆಂಟ್ ಎಂಬ ಹೆಸರಿನಲ್ಲಿ ನೆಮ್ಮದಿಯ ಸಂಸಾರಿಯಾಗಿದ್ದನು. 1960ರ ಮೇ 11ರ ಸಂಜೆ ಬ್ಯೂನಸ್ ಐರಿಸಿನ ಹೊರವಲಯದಲ್ಲಿ, ಬಸ್ಸಿಳಿದು ಮನೆಗೆ ನಡೆದುಹೋಗುತ್ತಿದ್ದಾಗ, ಇಸ್ರೇಲಿನ ಗೂಢಚಾರರು ಅವನನ್ನು ಹಿಡಿದು, ಕೆಲವು ದಿನ ಬಚ್ಚಿಟ್ಟು, ವಿಮಾನದಲ್ಲಿ ಒಯ್ದರು. ಆರ್ಜೆಂಟೀನಾ ಭದ್ರತಾ ಮಂಡಲಿಗೆ ದೂರಿತ್ತಿತು. ಜೂನ್ 23ರಂದು ಮಂಡಲಿಯು ಅಂಗೀಕರಿಸಿದ 138ನೆಯ ನಿರ್ಣಯವು ಬಹಳ ನಾಜೂಕಿನದು: ಇಂತಹ ಕೃತ್ಯಗಳು ಮತ್ತೆ ಮತ್ತೆ ನಡೆದರೆ ಅಂತರರಾಷ್ಟ್ರೀಯ ಶಾಂತಿಗೆ ಅಪಾಯವೆಂದೂ, ಇಸ್ರೇಲು ತಕ್ಕ ಪರಿಹಾರ ಕೊಡಬೇಕೆಂದೂ ಹೇಳಿ, ಪರಿಹಾರವೆಂದರೆ ಐಕ್‌ಮನ್ನನನ್ನು ಹಿಂದಿರುಗಿಸುವುದೇ ಎಂಬುದನ್ನು ಮಾತ್ರ ಹೇಳದೆ ಬಿಟ್ಟಿತು. ಆಗಸ್ಟ್ ಮೊದಲಲ್ಲಿ ಎರಡು ಸರಕಾರಗಳೂ ಜಂಟಿ ಹೇಳಿಕೆಯಿಂದ ಪ್ರಕರಣವನ್ನು ಮುಕ್ತಾಯಗೊಳಿಸಿದುವು. ಮುಂದೆ ಜೆರೂಸಲೆಮ್ಮಿನಲ್ಲಿ ಐಕ್‌ಮನ್ನನ ವಕೀಲನಾದ ಸೆರ್ವಾಟಿಯಸ್ ಅಪಹರಣದ ಆಕ್ಷೇಪವೆತ್ತಿದಾಗ, ಭಂಗಗೊಂಡ ಹಕ್ಕು ಆರ್ಜೆಂಟೀನಾದ್ದು, ಅದನ್ನು ಬಿಟ್ಟುಕೊಡುವ ಅಧಿಕಾರವೂ ಅದರದೇ, ಅದು ಬಿಟ್ಟುಕೊಟ್ಟಾಗಿದೆ ಎಂದು ನ್ಯಾಯಾಧೀಶರು ಉತ್ತರಿಸಿದರು. 1962ರ ಮೇ ಕೊನೆಯ ರಾತ್ರಿ ಅವನನ್ನು ಗಲ್ಲಿಗೇರಿಸಲಾಯಿತು.

ಐಕ್‌ಮನ್ನನ ವಿಚಾರಣೆ ನಡೆಯಬಾರದಾಗಿತ್ತೆಂದು ನಾನು ಹೇಳಲಾರೆ. ಆ ವಿಚಾರಣೆಯಿಲ್ಲದಿದ್ದರೆ, ಶಿಬಿರಗಳಿಂದ ಬದುಕಿಬಂದವರ ಸಾಕ್ಷ್ಯವು ಲೋಕದ ಕಿವಿಗೆ ಅಷ್ಟು ಬೇಗ, ಅಷ್ಟು ಪ್ರಖರವಾಗಿ ಬೀಳುತ್ತಿರಲಿಲ್ಲ. ಆದರೆ ಇಲ್ಲಿಯೂ ನ್ಯಾಯಾಲಯವು ಹಿಡಿದ ದಾರಿ ಹೇಗ್‌ನದೇ. ಇಲ್ಲಿಯೂ ಹಕ್ಕಿನ ಒಡೆಯನು ರಾಜ್ಯ. ಮಹಾಪಾತಕಿಯ ವಿಷಯದಲ್ಲಿ ಮಾಡಿಕೊಂಡ ವಿನಾಯಿತಿಯನ್ನು ಅಲ್ಪಪಾತಕಿಗಳಿಗೂ ನಿರಪರಾಧಿಗಳಿಗೂ ಹಿಗ್ಗಿಸುವ ಚಪಲವು ಪೊಲೀಸರಿಗೆ ಸಹಜವಾದುದು, ಅದನ್ನು ತಡೆಯುವ ಕಟ್ಟು ಆ ತೀರ್ಪಿನಲ್ಲಿರಲಿಲ್ಲ.

ಆ ಕಟ್ಟನ್ನು ಹಾಕಿದ ಕೀರ್ತಿ, ಯಾರೂ ನಿರೀಕ್ಷಿಸಿರದಿದ್ದ ಕಡೆಯಿಂದ, ವರ್ಣಭೇದದ ನೀತಿ ಇನ್ನೂ ಪೂರ್ಣವಾಗಿ ಅಳಿಯದಿದ್ದ ದಕ್ಷಿಣ ಆಫ್ರಿಕದ ಮೇಲ್ಮನವಿ ನ್ಯಾಯಾಲಯಕ್ಕೆ ಸಲ್ಲುತ್ತದೆ. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸಿನ ಎಬ್ರಾಹಿಂ ಇಸ್ಮಾಯಿಲ್ ಎಬ್ರಾಹಿಂ ಎಂಬ ಭಾರತೀಯ ಮೂಲದ ಮುಂದಾಳನ್ನು 1986ರ ಡಿಸೆಂಬರಿನಲ್ಲಿ ನೆರೆಯ ಸ್ವಾಜಿಲೆಂಡಿನಿಂದ ಹೊತ್ತುತಂದು, ರಾಜದ್ರೋಹದ ಅಪರಾಧಕ್ಕಾಗಿ ಇಪ್ಪತ್ತು ವರ್ಷದ ಸೆರೆವಾಸ ವಿಧಿಸಲಾಗಿದ್ದಿತು. ಸ್ವಾಜಿಲೆಂಡ್ ಸರಕಾರವು ಪ್ರತಿಭಟಿಸಿರಲಿಲ್ಲ. ಹೇಗ್‌ನ ಕೋಲಿನಿಂದ ಅಳೆದಿದ್ದರೆ ಎಬ್ರಾಹಿಮರಿಗೆ ದಕ್ಕುತ್ತಿದ್ದುದು ಏನೂ ಇಲ್ಲ. 1991ರಲ್ಲಿ ನ್ಯಾಯಾಲಯವು ಅಂತರರಾಷ್ಟ್ರೀಯ ಕಾನೂನಿನ ಜಟಿಲತೆಗೆ ಹೋಗದೆ, ತನ್ನ ದೇಶದ ಪುರಾತನ ರೋಮನ್-ಡಚ್ ಧರ್ಮವನ್ನೇ ಆಧಾರವಾಗಿ ಹಿಡಿಯಿತು. ಮೊಕದ್ದಮೆ ಹೂಡಿದ್ದು ರಾಜ್ಯ, ನ್ಯಾಯ ಬೇಡಿ ಬಂದ ಕಕ್ಷಿಯೂ ರಾಜ್ಯವೇ; ಹಾಗೆ ಬರುವವನ ಕೈ ಶುದ್ಧವಾಗಿರಬೇಕಾದುದು ಅವಶ್ಯ; ಅಪಹರಣದಲ್ಲಿ ತಾನೇ ಪಾಲುಗೊಂಡ ರಾಜ್ಯಕ್ಕೆ ವಿಚಾರಣೆಯನ್ನು ಕೇಳುವ ಯೋಗ್ಯತೆಯಿಲ್ಲ ಎಂದು ಹೇಳಿ ಶಿಕ್ಷೆಯನ್ನು ರದ್ದುಮಾಡಿತು. ಎಬ್ರಾಹಿಮರು ಬಿಡುಗಡೆಯಾಗಿ, ಮುಂದೊಂದು ಕಾಲಕ್ಕೆ ಅದೇ ದೇಶದ ವಿದೇಶಾಂಗ ಖಾತೆಯ ಉಪಸಚಿವರಾದರು. ಎರಡು ವರ್ಷಗಳ ಅನಂತರ ಲಂಡನ್ನಿನ ಲಾರ್ಡ್ಸ್ ಸಭೆಯು ಬೆನೆಟ್ ಮೊಕದ್ದಮೆಯಲ್ಲಿ, ದಕ್ಷಿಣ ಆಫ್ರಿಕದಿಂದ ಹಸ್ತಾಂತರದ ಕ್ರಮವನ್ನು ಬದಿಗೊತ್ತಿ ಆರೋಪಿಯನ್ನು ತಂದಿರುವುದು ದಿಟವಾದರೆ ವಿಚಾರಣೆಯನ್ನು ನಿಲ್ಲಿಸುವುದು ನ್ಯಾಯಾಲಯದ ಅಧಿಕಾರವೆಂದು ಸಾರಿತು. ಟೆಂಟರ್ಡನ್ನರ ಮತವು ಹುಟ್ಟಿದ ಊರಿನಲ್ಲಿಯೇ ಪದಚ್ಯುತವಾಯಿತು.

ಈ ಎರಡು ತೀರ್ಪುಗಳ ಸೊಗಸೇನೆಂದರೆ ಅವು ಗಡಿಯ ವಾದವನ್ನು ಬಿಟ್ಟು ನ್ಯಾಯಾಲಯದ ಸ್ವಂತ ಮರ್ಯಾದೆಯ ವಾದವನ್ನು ಹಿಡಿದುವು. ಎಲ್ಲರೂ ಆ ದಾರಿಯಲ್ಲಿ ನಡೆಯಲಿಲ್ಲ. ಕುರ್ದಿ ನಾಯಕ ಅಬ್ದುಲ್ಲಾ ಓಜಲಾನನನ್ನು 1999ರಲ್ಲಿ ನೈರೋಬಿಯಲ್ಲಿ ಟರ್ಕಿಯವರು ವಶಪಡಿಸಿಕೊಂಡುದರಲ್ಲಿ ಕೆನ್ಯಾದ ಅಧಿಕಾರಿಗಳೇ ಕೈಜೋಡಿಸಿದ್ದುದರಿಂದ ದಸ್ತಗಿರಿ ಅಕ್ರಮವಲ್ಲವೆಂದು ಯುರೋಪಿನ ಮಾನವಹಕ್ಕು ನ್ಯಾಯಾಲಯ 2005ರಲ್ಲಿ ಹೇಳಿತು. ವಿಚಾರಣೆ ನಡೆದ ರೀತಿಯಲ್ಲಿ ಮಾತ್ರ ದೋಷ ಕಂಡಿತು. ಯುಗೊಸ್ಲಾವಿಯಾದ ಯುದ್ಧಾಪರಾಧಗಳಿಗಾಗಿ ಹೇಗ್‌ನಲ್ಲಿಯೇ ಸ್ಥಾಪಿತವಾದ ನ್ಯಾಯಮಂಡಲಿಯು 2003ರಲ್ಲಿ, ನಿಕೊಲಿಚ್ ಎಂಬವನ ಮೊಕದ್ದಮೆಯಲ್ಲಿ, ಆರೋಪಿತ ಅಪರಾಧವು ಮನುಕುಲವನ್ನೇ ನಡುಗಿಸುವಂತಹುದಾಗಿದ್ದರೆ ಅಪಹರಣದ ದೋಷವನ್ನು ಅದರೊಡನೆ ತೂಗಿನೋಡಬೇಕೆಂದಿತು. ತಕ್ಕಡಿಯ ಈ ನ್ಯಾಯದಲ್ಲಿ ನನಗೊಂದು ತಕರಾರಿದೆ. ತೂಗುವಾಗ ಒಂದು ತಟ್ಟೆಯಲ್ಲಿರುವುದು ನಡೆದುಹೋದ ಅಪಹರಣ. ಇನ್ನೊಂದರಲ್ಲಿರುವುದು ಇನ್ನೂ ಸಿದ್ಧವಾಗಬೇಕಾದ ಅಪರಾಧ. ಆರೋಪವು ಘೋರವಾದಷ್ಟೂ ತೂಕ ಹೆಚ್ಚು, ಆರೋಪವನ್ನು ಬರೆಯುವವರಾದರೋ ಅಪಹರಣ ಮಾಡಿಸಿದವರೇ.

ಮೆಕ್ಸಿಕೋದ ಗ್ವಾದಲಹಾರಾ ನಗರದ ವೈದ್ಯ ಆಲ್ವಾರೆಜ್ ಮಾಚೇನರ ವಿಷಯದಲ್ಲಿ ಆರೋಪದ ಘೋರತೆಗೆ ಕೊರತೆಯಿರಲಿಲ್ಲ. ಅಮೆರಿಕದ ಮಾದಕದ್ರವ್ಯ ನಿಗ್ರಹ ಇಲಾಖೆಯ ಕಾಮರೇನಾ ಎಂಬ ಅಧಿಕಾರಿಯನ್ನು 1985ರಲ್ಲಿ ಅಲ್ಲಿನ ಕಳ್ಳಸಾಗಣೆಗಾರರು ಹಿಂಸಿಸಿ ಕೊಂದಿದ್ದರು. ಹಿಂಸೆಯನ್ನು ಲಂಬಿಸುವುದಕ್ಕೋಸ್ಕರ ಔಷಧ ಕೊಟ್ಟು ಆ ಅಧಿಕಾರಿಯನ್ನು ಜೀವಂತವಾಗಿರಿಸಿದವನು ಈ ವೈದ್ಯನೆಂದು ಆಪಾದನೆ. 1990ರ ಏಪ್ರಿಲ್ 2ರಂದು, ಆ ಇಲಾಖೆಯ ಹಣದ ಆಸೆಗೆ ಬಿದ್ದ ಕೆಲವರು ವೈದ್ಯನನ್ನು ಆತನ ಚಿಕಿತ್ಸಾಲಯದಿಂದ ಎಳೆದೊಯ್ದು, ಖಾಸಗಿ ವಿಮಾನದಲ್ಲಿ ಟೆಕ್ಸಾಸಿನ ಎಲ್ ಪಾಸೋಗೆ ತಂದೊಪ್ಪಿಸಿದರು. ಮೆಕ್ಸಿಕೋ ಪ್ರತಿಭಟಿಸಿತು; ಎರಡು ದೇಶಗಳ ನಡುವೆ ಹಸ್ತಾಂತರ ಒಪ್ಪಂದವೂ ಇದ್ದಿತು. ಲಾಸ್ ಏಂಜಲಿಸಿನ ನ್ಯಾಯಾಧೀಶ ರಫೀದಿಯವರು ಒಪ್ಪಂದದ ಭಂಗವಾಗಿದೆಯೆಂದು ಆರೋಪಿಯನ್ನು ಹಿಂದಕ್ಕೆ ಕಳುಹಿಸಲು ಆಜ್ಞಾಪಿಸಿದರು. ಸುಪ್ರೀಂ ಕೋರ್ಟು 1992ರ ಜೂನಿನಲ್ಲಿ, ಆರು ಜನರ ಮತ ಒಂದು ಕಡೆ ಮೂವರ ಮತ ಇನ್ನೊಂದು ಕಡೆಯಾಗಿ, ಆ ಆಜ್ಞೆಯನ್ನು ತಳ್ಳಿಹಾಕಿತು. ಅಪಹರಿಸಕೂಡದೆಂದು ಒಪ್ಪಂದದಲ್ಲಿ ಬರೆದಿಲ್ಲವೆಂಬುದು ಮುಖ್ಯ ನ್ಯಾಯಾಧೀಶ ರೆನ್‌ಕ್ವಿಸ್ಟರ ವಾದ. ಒಪ್ಪಂದ ಮಾಡಿಕೊಂಡ ನೆರೆಯವನ ಮನೆಗೆ ಕನ್ನ ಹಾಕಬಾರದೆಂಬುದನ್ನು ಬರೆದಿಡಬೇಕಾಗಿತ್ತೆಂಬ ಈ ವ್ಯಾಖ್ಯಾನವನ್ನು ಓದಿದಾಗಲೆಲ್ಲ ನನಗೆ ಆಶ್ಚರ್ಯವೇ ಹೆಚ್ಚು. ನ್ಯಾಯಮೂರ್ತಿ ಸ್ಟೀವನ್ಸರ ಭಿನ್ನಮತದಲ್ಲಿ ಆಶ್ಚರ್ಯಕ್ಕಿಂತ ಕೋಪವಿದೆ.

ಕೊನೆಗೆ ವಿಚಾರಣೆ ಅದೇ ರಫೀದಿಯವರ ಮುಂದೆ ನಡೆಯಿತು. ಸರಕಾರದ ಪಕ್ಷದ ಸಾಕ್ಷ್ಯವೆಲ್ಲವೂ ಮುಗಿದ ಮೇಲೆ, 1992ರ ಡಿಸೆಂಬರಿನಲ್ಲಿ, ಅದರಲ್ಲಿರುವುದು ಊಹೆಯೇ ಹೊರತು ಆಧಾರವಲ್ಲವೆಂದು ಅವರು ಮೊಕದ್ದಮೆಯನ್ನು ಜ್ಯೂರಿಯವರೆಗೂ ಹೋಗಗೊಡದೆ ವೈದ್ಯನನ್ನು ಬಿಡುಗಡೆ ಮಾಡಿದರು. ಆಲ್ವಾರೆಜ್ ಮಾಚೇನ್ ಊರಿಗೆ ಹಿಂದಿರುಗಿ, 1886ರಲ್ಲಿ ಸುಪ್ರೀಂ ಕೋರ್ಟು ಕೆರ್‌ಗೆ ತೋರಿಸಿದ್ದ ದಾರಿಯನ್ನು ಹಿಡಿದು, ತನ್ನನ್ನು ಎಳೆದೊಯ್ದವರ ಮೇಲೂ ಅಮೆರಿಕ ಸರಕಾರದ ಮೇಲೂ ನಷ್ಟಪರಿಹಾರದ ದಾವೆ ಹೂಡಿದರು. ಅಪಹರಣಕಾರರಲ್ಲೊಬ್ಬನ ವಿರುದ್ಧ ಇಪ್ಪತ್ತೈದು ಸಾವಿರ ಡಾಲರಿನ ಡಿಕ್ರಿಯೂ ಆಯಿತು. 2004ರಲ್ಲಿ ಮೊಕದ್ದಮೆ ಸುಪ್ರೀಂ ಕೋರ್ಟನ್ನು ಮುಟ್ಟಿತು. ಒಂದು ದಿನಕ್ಕೂ ಕಡಮೆ ಅವಧಿಯ ಅಕ್ರಮ ಬಂಧನವು ಅಂತರರಾಷ್ಟ್ರೀಯ ಕಾನೂನಿನ ಸುಸ್ಥಾಪಿತ ನಿಯಮವೊಂದರ ಭಂಗವಾಗದೆಂದೂ, ಪರದೇಶದ ನೆಲದಲ್ಲಾದ ಹಾನಿಗೆ ಸರಕಾರವು ಹೊಣೆಯಲ್ಲವೆಂದೂ ಹೇಳಿ ನ್ಯಾಯಾಲಯವು ಆ ಡಿಕ್ರಿಯನ್ನೂ ರದ್ದುಗೊಳಿಸಿತು.